ಮನೆಯಲ್ಲಿ ವಿದ್ಯುತ್ ಸೈಕಲ್ಲು: ಬ್ಯಾಟರಿ ಮತ್ತು ಚಾರ್ಜಿಂಗ್ ತೊಂದರೆಗಳು

ವಿದ್ಯುತ್ ಸೈಕಲ್ಲನ್ನು ಕೊಂಡ ಮನೆಯು ಅದರೊಡನೆ ಒಂದು ಹೊಸ ಹೊಣೆಯನ್ನೂ ಕೊಂಡಿರುತ್ತದೆ. ಪೆಟ್ರೋಲ್ ವಾಹನಕ್ಕೆ ಇಂಧನ ತುಂಬುವ ಕಾರ್ಯವು ಬಂಕಿನಲ್ಲಿ, ಅದೇ ಕೆಲಸದಲ್ಲಿ ನುರಿತವರ ಕೈಯಲ್ಲಿ, ಬೆಂಕಿ ಆರಿಸುವ ಸಾಧನಗಳ ಸಮೀಪದಲ್ಲಿ ನಡೆಯುತ್ತದೆ. ವಿದ್ಯುತ್ ಸೈಕಲ್ಲಿನ ಮಾತು ಹಾಗಲ್ಲ. ಅದಕ್ಕೆ ಶಕ್ತಿ ತುಂಬುವ ಕಾರ್ಯವು ಹಜಾರದ ಗೋಡೆಯ ಪ್ಲಗ್ಗಿನಲ್ಲಿ, ಮಕ್ಕಳು ಓಡಾಡುವ ಜಾಗದಲ್ಲಿ, ಅನೇಕ ವೇಳೆ ಮನೆಯವರೆಲ್ಲರೂ ನಿದ್ರೆಯಲ್ಲಿರುವಾಗ ನಡೆಯುತ್ತದೆ. ಮನೆಯಲ್ಲಿ ಈಗಾಗಲೇ ಇರುವ ವಿದ್ಯುತ್ ಸಂಪರ್ಕದಿಂದಲೇ ವಾಹನವನ್ನು ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯವು 2022ರ ಜನವರಿಯ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿತು. ಅನುಮತಿಯ ಪ್ರಶ್ನೆ ಹೀಗೆ ಬಗೆಹರಿಯಿತು. ಆದರೆ ಚಾರ್ಜ್ ಆಗದೆ ಹೋದಾಗ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬ ತಿಳಿವಳಿಕೆ ವಾಹನಗಳಷ್ಟು ವೇಗವಾಗಿ ಹರಡಿಲ್ಲ.

ಬೆಳಗ್ಗೆ ಹೊರಡುವ ಹೊತ್ತಿಗೆ ಸೈಕಲ್ಲಿನ ದೀಪ ಹೊತ್ತದಿದ್ದರೆ ‘ಬ್ಯಾಟರಿ ಹೋಯಿತು’ ಎಂಬ ತೀರ್ಮಾನ ಕೂಡಲೇ ಹೊರಬೀಳುತ್ತದೆ. ಇಡೀ ವಾಹನದಲ್ಲಿ ಅತ್ಯಂತ ದುಬಾರಿಯಾದ ಭಾಗವೇ ಬ್ಯಾಟರಿಯಾದ್ದರಿಂದ ಈ ತೀರ್ಮಾನಕ್ಕೆ ಆತುರಪಡುವುದು ನಷ್ಟದ ಮಾರ್ಗ. ಗೋಡೆಯ ಸಾಕೆಟ್ಟಿನಿಂದ ಬ್ಯಾಟರಿಯ ಒಡಲಿನವರೆಗೆ ವಿದ್ಯುತ್ತು ಒಂದು ದಾರಿಯನ್ನು ಕ್ರಮಿಸುತ್ತದೆ: ಸಾಕೆಟ್ಟು, ಪ್ಲಗ್ಗು, ಚಾರ್ಜರು, ಅದರ ವೈರು, ಬ್ಯಾಟರಿಯ ಬಾಯಿ, ಫ್ಯೂಸು, ರಕ್ಷಣಾ ಫಲಕ, ಕಡೆಯಲ್ಲಿ ಕೋಶಗಳು. ಈ ದಾರಿಯ ಮೊದಲ ಭಾಗವನ್ನು ಯಾವ ಗೃಹಸ್ಥನೂ ಗೃಹಿಣಿಯೂ ಪರೀಕ್ಷಿಸಬಹುದು. ಬ್ಯಾಟರಿಯ ಪೆಟ್ಟಿಗೆಯ ಮುಚ್ಚಳದಿಂದ ಆಚೆಗಿನದನ್ನು ಮನೆಯಲ್ಲಿ ಯಾರೂ ಮುಟ್ಟತಕ್ಕದ್ದಲ್ಲ. ಪೆಟ್ಟಿಗೆಯ ಹೊರಗೆ ತಾಳ್ಮೆಯಿಂದ ಹುಡುಕಬೇಕು, ಒಳಗೆ ಕೈಹಾಕಬಾರದು.

ಪರೀಕ್ಷೆಗೆ ತೊಡಗುವ ಮುನ್ನ ಕೆಲವು ಅಂಕಿಗಳು ತಿಳಿದಿರಬೇಕು. ಕೇಳುಗರಲ್ಲಿ ಕೆಲವರಿಗೆ ಇವು ಬೇಸರ ತರಬಹುದಾದರೂ ಮುಂದಿನ ಮಾತೆಲ್ಲ ಇವುಗಳ ಮೇಲೆಯೇ ನಿಂತಿದೆ. ಇಂದಿನ ಹೆಚ್ಚಿನ ವಿದ್ಯುತ್ ಸೈಕಲ್ಲುಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಜಪಾನಿನಲ್ಲಿ ಮೊದಲ ಬಾರಿಗೆ ಮಾರಾಟಕ್ಕೆ ಬಂದ, 2019ರಲ್ಲಿ ತನ್ನ ಶಿಲ್ಪಿಗಳಾದ ಗುಡ್ಎನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ತಂದಿತ್ತ ಬ್ಯಾಟರಿ ಇದೇ. ಇದರ ಒಂದು ಕೋಶ ಸಾಮಾನ್ಯವಾಗಿ 3.6 ವೋಲ್ಟಿನದು, ಪೂರ್ತಿ ತುಂಬಿದಾಗ 4.2 ವೋಲ್ಟಿಗೆ ಏರುತ್ತದೆ, ಬರಿದಾಗುವಾಗ 3 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಇಂತಹ 10 ಕೋಶಗಳನ್ನು ಸಾಲಾಗಿ ಜೋಡಿಸಿದರೆ 36 ವೋಲ್ಟಿನ ಬ್ಯಾಟರಿ. ತುಂಬಿದಾಗ ಅದು 42 ವೋಲ್ಟ್, ಬರಿದಾದಾಗ ಸುಮಾರು 30 ವೋಲ್ಟ್ ತೋರಿಸುತ್ತದೆ. 13 ಕೋಶಗಳಾದರೆ 48 ವೋಲ್ಟಿನ ಬ್ಯಾಟರಿ, ತುಂಬಿದಾಗ 54.6 ವೋಲ್ಟ್. ಲಿಥಿಯಂನಲ್ಲಿಯೇ ಕಬ್ಬಿಣ–ಫಾಸ್ಫೇಟ್ ಎಂಬ ಇನ್ನೊಂದು ಬಗೆಯಿದ್ದು ಅದರ ಲೆಕ್ಕ ಬೇರೆ. ಆದ್ದರಿಂದ ಬ್ಯಾಟರಿಯ ಮೇಲಿನ ಚೀಟಿಯನ್ನೂ ಚಾರ್ಜರಿನ ಮೇಲಿನ ಚೀಟಿಯನ್ನೂ ಓದಿ, ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದೇ ಮೊದಲ ಪರೀಕ್ಷೆ. ಒಂದೇ ಮನೆಯಲ್ಲಿ ಎರಡು ವಾಹನಗಳಿದ್ದು ಚಾರ್ಜರುಗಳು ಅದಲುಬದಲಾಗುವುದುಂಟು. ಪ್ಲಗ್ಗು ಒಳಹೊಕ್ಕ ಮಾತ್ರಕ್ಕೆ ಚಾರ್ಜರು ಸರಿಯಾದುದೆಂದು ಅರ್ಥವಲ್ಲ. 36 ವೋಲ್ಟಿನ ಬ್ಯಾಟರಿಗೆ 48 ವೋಲ್ಟಿನ ಚಾರ್ಜರನ್ನು ಕೂಡಿಸುವುದು ಅಪಾಯವನ್ನು ಕರೆದು ಕೂಡಿಸಿದಂತೆ.

ಇನ್ನು ದಾರಿಯನ್ನು ಗೋಡೆಯಿಂದ ಆರಂಭಿಸಬೇಕು. ಅದೇ ಸಾಕೆಟ್ಟಿಗೆ ಒಂದು ಮೇಜಿನ ದೀಪವನ್ನೋ ಮೊಬೈಲ್ ಚಾರ್ಜರನ್ನೋ ಹಾಕಿ ನೋಡಿದರೆ ಅಲ್ಲಿ ವಿದ್ಯುತ್ತಿದೆಯೇ ಎಂಬುದು ತಿಳಿಯುತ್ತದೆ. ಮುಂಬೈ, ಪುಣೆಗಳ ಹಳೆಯ ಚಾಳುಗಳಲ್ಲಿ ಸಾಕೆಟ್ಟಿನ ಒಳಗಿನ ಹಿತ್ತಾಳೆಯ ಹಿಡಿತ ಸಡಿಲಗೊಂಡು ಪ್ಲಗ್ಗು ಅಲುಗಾಡುತ್ತಿರುತ್ತದೆ. ಚಾರ್ಜ್ ಆಗುವುದು, ನಿಲ್ಲುವುದು, ಮತ್ತೆ ಆಗುವುದು, ಹೀಗೆ ನಡೆಯುತ್ತಿದ್ದರೆ ದೋಷ ಬ್ಯಾಟರಿಯದಲ್ಲ, ಸಾಕೆಟ್ಟಿನದು. ಚಾರ್ಜ್ ಮುಗಿದು ಸ್ವಿಚ್ಚನ್ನು ಆರಿಸಿದ ಮೇಲೆ ಪ್ಲಗ್ಗನ್ನು ಮುಟ್ಟಿದಾಗ ಬಿಸಿಯಾಗಿದ್ದರೆ ಅಥವಾ ಅದರ ಸುತ್ತ ಕಂದುಬಣ್ಣದ ಕಲೆ ಕಂಡರೆ ಆ ಸಾಕೆಟ್ಟನ್ನು ಬದಲಾಯಿಸದೆ ಬಳಸತಕ್ಕದ್ದಲ್ಲ.

ಚಾರ್ಜರನ್ನು ಹಾಕಿದೊಡನೆ ಎಂ.ಸಿ.ಬಿ. ಬೀಳುತ್ತದೆಂಬುದು ಮತ್ತೊಂದು ದೂರು. ‘ಸೈಕಲ್ಲಿನ ಭಾರ ಮನೆಯ ವೈರಿಂಗಿಗೆ ಹೆಚ್ಚಾಯಿತು’ ಎಂದು ಇದಕ್ಕೆ ವಿವರಣೆ ಕೊಡುವವರಿದ್ದಾರೆ. ಲೆಕ್ಕ ಹಾಕಿದರೆ ಈ ವಿವರಣೆ ನಿಲ್ಲುವುದಿಲ್ಲ. ಸೈಕಲ್ಲಿನ ಚಾರ್ಜರು ಸಾಮಾನ್ಯವಾಗಿ 42 ವೋಲ್ಟಿನಲ್ಲಿ 2 ಆಂಪಿಯರ್ ಕೊಡುತ್ತದೆ; ಎಂದರೆ 84 ವ್ಯಾಟ್. ಗೋಡೆಯಿಂದ ಅದು ಎಳೆಯುವುದು ಹೆಚ್ಚೆಂದರೆ 100 ವ್ಯಾಟಿನಷ್ಟು. ಇಸ್ತ್ರಿ ಪೆಟ್ಟಿಗೆಯನ್ನು ಹೊರುವ ಸಾಕೆಟ್ಟು ಇದನ್ನು ಹೊರಲಾರದೆಂಬುದಿಲ್ಲ. ಎಂ.ಸಿ.ಬಿ. ಬೀಳುತ್ತಿದ್ದರೆ ಚಾರ್ಜರಿನೊಳಗೆ ಅಥವಾ ವೈರಿನಲ್ಲಿ ವಿದ್ಯುತ್ತು ಅಡ್ಡದಾರಿ ಹಿಡಿದಿದೆ ಎಂದೇ ತಿಳಿಯಬೇಕು. ಮತ್ತೆ ಮತ್ತೆ ಎತ್ತಿ ಹಾಕುವುದನ್ನು ಬಿಟ್ಟು ಚಾರ್ಜರನ್ನು ಬೇರ್ಪಡಿಸಬೇಕು. ಸ್ಕೂಟರುಗಳ ಚಾರ್ಜರು ಇದಕ್ಕಿಂತ ಹಲವು ಪಟ್ಟು ಶಕ್ತಿಯನ್ನು ಎಳೆಯುವುದರಿಂದ ಅವುಗಳಿಗೆ ಭೂಸಂಪರ್ಕವುಳ್ಳ ಪ್ರತ್ಯೇಕ ಸಾಕೆಟ್ಟು ಇರುವುದು ಲೇಸು. ಎರಡನೆಯ ಮಹಡಿಯ ಕಿಟಕಿಯಿಂದ ಕೆಳಗಿನ ವಾಹನಕ್ಕೆ ತೆಳುವಾದ ಎಕ್ಸ್‌ಟೆನ್ಷನ್ ವೈರನ್ನು ಇಳಿಬಿಡುವ ಪದ್ಧತಿ ಎಲ್ಲಿದ್ದರೂ ನಿಲ್ಲಬೇಕು.

ಸಾಕೆಟ್ಟು ಸರಿಯಿದ್ದರೆ ಚಾರ್ಜರಿನ ಸರದಿ. ಹೆಚ್ಚಿನ ಚಾರ್ಜರುಗಳಲ್ಲಿ ಕೆಂಪು ದೀಪವು ಚಾರ್ಜ್ ನಡೆಯುತ್ತಿರುವುದನ್ನೂ ಹಸುರು ದೀಪವು ಮುಗಿದಿರುವುದನ್ನೂ ಸೂಚಿಸುತ್ತದೆ. ದೀಪವೇ ಹೊತ್ತದಿದ್ದರೆ ಚಾರ್ಜರು ಕೆಟ್ಟಿರುವ ಸಂಭವ ಹೆಚ್ಚು. ಖಾಲಿ ಬ್ಯಾಟರಿಗೆ ಜೋಡಿಸಿದಾಗಲೂ ದೀಪ ಹಸುರಾಗಿಯೇ ಉಳಿದರೆ ವಿದ್ಯುತ್ತು ಚಾರ್ಜರಿನಿಂದ ಬ್ಯಾಟರಿಗೆ ಹರಿಯುತ್ತಿಲ್ಲವೆಂದು ಅರ್ಥ. ಚಾರ್ಜರು ತನ್ನ ಮುಂದೆ ಬ್ಯಾಟರಿಯೇ ಇಲ್ಲವೆಂದು ಭಾವಿಸಿದೆ. ಕೆಂಪು ದೀಪ ಹತ್ತು ಹನ್ನೆರಡು ತಾಸು ಕಳೆದರೂ ಹಸುರಾಗದಿದ್ದರೆ ಅದು ಇನ್ನೂ ಗಂಭೀರವಾದ ಲಕ್ಷಣ: 10 ಆಂಪಿಯರ್–ಅವರ್ ಬ್ಯಾಟರಿಗೆ 2 ಆಂಪಿಯರಿನ ಚಾರ್ಜರಿನಿಂದ 5ರಿಂದ 6 ತಾಸು ಸಾಕು. ಅಂತಹ ಸಂದರ್ಭದಲ್ಲಿ ಚಾರ್ಜರನ್ನು ಕಳಚಿ ದುರಸ್ತಿ ಕೇಂದ್ರಕ್ಕೆ ಒಯ್ಯಬೇಕು.

ಮಲ್ಟಿಮೀಟರನ್ನು ಬಳಸಬಲ್ಲವರಿಗೆ ಇನ್ನೊಂದು ಹೆಜ್ಜೆ ಸಾಧ್ಯ. ಮೀಟರನ್ನು ಡಿ.ಸಿ. 200 ವೋಲ್ಟಿನ ಸ್ಥಾನಕ್ಕೆ ತಿರುಗಿಸಿ, ಚಾರ್ಜರಿನ ಹೊರತುದಿಯನ್ನು ಅಳೆಯಬಹುದು. 36 ವೋಲ್ಟಿನ ಬ್ಯಾಟರಿಯದಾದರೆ 42ರ ಸಮೀಪದ ಅಂಕಿ ಬರಬೇಕು. ಕೆಲವು ಚಾರ್ಜರುಗಳು ಬ್ಯಾಟರಿಗೆ ಕೂಡಿಸುವವರೆಗೆ ಏನನ್ನೂ ಹೊರಗೆ ಬಿಡುವುದಿಲ್ಲ. ಅವುಗಳಲ್ಲಿ ಸೊನ್ನೆ ಬಂದರೆ ಕೆಟ್ಟಿದೆಯೆನ್ನಲಾಗದು. ಬಳಿಕ ಬ್ಯಾಟರಿಯ ಬಾಯಿಯನ್ನು ಅಳೆಯಬೇಕು. ಮೀಟರಿನ ಎರಡು ಕಡ್ಡಿಗಳು ಒಂದಕ್ಕೊಂದು ತಾಕದಂತೆ ಎಚ್ಚರ ವಹಿಸುವುದು ಅತ್ಯಗತ್ಯ. ತಾಕಿದರೆ ಕಿಡಿ ಹಾರುತ್ತದೆ, ಕೈ ಸುಡುತ್ತದೆ. ಈ ವಿಷಯದಲ್ಲಿ ಕೈ ನಡುಗುವವರು ಇದನ್ನು ಬೇರೆಯವರಿಗೆ ಬಿಡುವುದೇ ವಿವೇಕ.

ಅಳೆಯುವ ಮೊದಲು ಬ್ಯಾಟರಿಯ ಬಾಯಿಯನ್ನು ಕಣ್ಣಿಟ್ಟು ನೋಡಿದರೆ ಅರ್ಧ ಉತ್ತರ ಅಲ್ಲಿಯೇ ದೊರೆಯುವುದುಂಟು. ಮುಂಬೈಯ ಮಳೆಗಾಲದ ತೇವದಲ್ಲಿ, ಚೆನ್ನೈಯ ಕಡಲಗಾಳಿಯಲ್ಲಿ ಹಿತ್ತಾಳೆಯ ಸೂಜಿಗಳಿಗೆ ಹಸುರು ಕಿಲುಬು ಹಿಡಿಯುತ್ತದೆ. ಚಾರ್ಜರನ್ನು ಗೋಡೆಯಿಂದ ಕಳಚಿ, ಬ್ಯಾಟರಿಯ ಕೀಲಿಯನ್ನು ಆರಿಸಿ, ಒಣಗಿದ ಹತ್ತಿಯ ಕಡ್ಡಿಯಿಂದ ಮೃದುವಾಗಿ ಒರಸಿದರೆ ಎಷ್ಟೋ ‘ಸತ್ತ’ ಬ್ಯಾಟರಿಗಳು ಎಚ್ಚರಗೊಳ್ಳುತ್ತವೆ. ಲೋಹದ ಚಾಕು, ಗುಂಡುಸೂಜಿಗಳು ಈ ಕೆಲಸಕ್ಕೆ ಸಲ್ಲವು. ಸೂಜಿ ಬಾಗಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ, ಸುಟ್ಟ ವಾಸನೆಯಿದ್ದರೆ ಒರಸುವುದರಿಂದ ಪ್ರಯೋಜನವಿಲ್ಲ. ಆ ಭಾಗವನ್ನು ಬದಲಾಯಿಸಲೇಬೇಕು.

ಬಾಯಿ ಚೊಕ್ಕಟವಾಗಿದ್ದೂ ಮೀಟರು ಸೊನ್ನೆ ತೋರಿಸಿದರೆ ಫ್ಯೂಸು ಹೋಗಿರಬಹುದು, ಅಥವಾ ಬಿ.ಎಂ.ಎಸ್. ಎಂದು ಕರೆಯಲಾಗುವ ರಕ್ಷಣಾ ಫಲಕವು ಬಾಗಿಲು ಮುಚ್ಚಿರಬಹುದು. ಈ ಫಲಕವು ಬ್ಯಾಟರಿಯ ಕಾವಲುಗಾರ. ಒಂದು ಕೋಶ ಮಿತಿಮೀರಿ ತುಂಬಿದರೆ, ಮಿತಿಮೀರಿ ಬರಿದಾದರೆ ಅಥವಾ ಬಿಸಿಯೇರಿದರೆ ಅದು ವಿದ್ಯುತ್ತಿನ ಹರಿವನ್ನು ಕಡಿದುಹಾಕುತ್ತದೆ. ಇದನ್ನು ದೋಷವೆಂದು ಬಗೆದು ‘ಫಲಕವನ್ನು ಬಿಟ್ಟು ನೇರವಾಗಿ ವೈರು ಕೊಟ್ಟರೆ ಚಾರ್ಜ್ ಆಗುತ್ತದೆ’ ಎಂದು ಸಲಹೆ ಕೊಡುವ ಕೈಗಾರರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಚಾರ್ಜ್ ಆಗುತ್ತದೆ, ನಿಜ. ಕಾವಲುಗಾರನನ್ನು ಕಟ್ಟಿಹಾಕಿ ಬಾಗಿಲು ತೆರೆದಂತೆಯೇ ಅದು.

ಇದರ ಅತಿ ಸಾಮಾನ್ಯ ಉದಾಹರಣೆ ಬೇಸಿಗೆ ರಜೆಯದು. ಮುಂಬೈಯ ಕನ್ನಡ ಕುಟುಂಬವೊಂದು ಮೇ ತಿಂಗಳಲ್ಲಿ ಉಡುಪಿಗೋ ಧಾರವಾಡಕ್ಕೋ ಊರಿಗೆ ಹೋಗುತ್ತದೆ. ಹೊರಡುವ ಗಡಿಬಿಡಿಯಲ್ಲಿ ಖಾಲಿಯಾಗಿದ್ದ ಬ್ಯಾಟರಿ ಸೈಕಲ್ಲಿನಲ್ಲಿಯೇ ಉಳಿಯುತ್ತದೆ. ಜೂನಿನಲ್ಲಿ ಮರಳಿ ಬಂದು ಚಾರ್ಜರು ಹಾಕಿದರೆ ದೀಪ ಹಸುರು, ಬ್ಯಾಟರಿ ನಿಶ್ಚಲ. ಬಳಸದೆ ಇಟ್ಟರೂ ಬ್ಯಾಟರಿಯೊಳಗಿನ ಫಲಕವು ಹನಿಹನಿಯಾಗಿ ವಿದ್ಯುತ್ತನ್ನು ಹೀರುತ್ತಲೇ ಇರುತ್ತದೆ. ಕೋಶಗಳು ಕೆಳಮಿತಿಯನ್ನು ದಾಟಿ ಬಹಳ ಇಳಿದಾಗ ಅವುಗಳೊಳಗಿನ ತಾಮ್ರದ ಹಾಳೆ ಕರಗಲಾರಂಭಿಸುತ್ತದೆ. ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರವು ಬೇರೆಡೆ ಕೂತು ಒಳಗೊಳಗೇ ಅಡ್ಡಸಂಪರ್ಕ ಉಂಟುಮಾಡಬಹುದು. ಇಂತಹ ಬ್ಯಾಟರಿಯನ್ನು ಇನ್ನೊಂದು ಬ್ಯಾಟರಿಯಿಂದ ‘ಎಬ್ಬಿಸುವ’ ಪ್ರಯತ್ನ ಬೆಂಕಿಗೆ ಹೇತುವಾಗುವುದು ಈ ಕಾರಣದಿಂದಲೇ. ತಯಾರಕರ ಸೇವಾಕೇಂದ್ರದಲ್ಲಿ ಪ್ರತಿ ಕೋಶವನ್ನೂ ಅಳೆದು ನೋಡಿ ನಿರ್ಧರಿಸಬೇಕಾದ ಸಂಗತಿ ಇದು. ಊರಿಗೆ ಹೊರಡುವ ಮುನ್ನ ಬ್ಯಾಟರಿಯನ್ನು ಅರ್ಧದಷ್ಟು ತುಂಬಿಸಿ, ಸೈಕಲ್ಲಿನಿಂದ ಕಳಚಿ, ತಂಪಾದ ಒಣ ಜಾಗದಲ್ಲಿಟ್ಟು ಹೋದರೆ ಈ ತೊಂದರೆಯೇ ಬಾರದು. ಪೂರ್ತಿ ತುಂಬಿಸಿಡುವುದೂ ಒಳ್ಳೆಯದಲ್ಲ; ತುಂಬಿದ ಬ್ಯಾಟರಿ ಸೆಖೆಯಲ್ಲಿ ಬೇಗ ಮುಪ್ಪಾಗುತ್ತದೆ.

ಹವಾಮಾನದ ಕಾರಣದಿಂದ ಕಾಣಿಸಿಕೊಳ್ಳುವ ಕೆಲವು ಲಕ್ಷಣಗಳು ದೋಷಗಳೇ ಅಲ್ಲ. ಮೇ ತಿಂಗಳ ಚೆನ್ನೈ, ಹೈದರಾಬಾದುಗಳಲ್ಲಿ ಬಿಸಿಲಲ್ಲಿ ನಿಂತ ಸೈಕಲ್ಲನ್ನು ತಂದೊಡನೆ ಚಾರ್ಜಿಗೆ ಹಾಕಿದರೆ ಬ್ಯಾಟರಿ ಒಪ್ಪಿಕೊಳ್ಳದೆ ಇರಬಹುದು. ಚಾರ್ಜ್ ಮಾಡಲು ಈ ಕೋಶಗಳ ಮೇಲ್ಮಿತಿ ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್. ಒಂದು ತಾಸು ನೆರಳಿನಲ್ಲಿಟ್ಟು ನೋಡಿದರೆ ತಾನಾಗಿ ಸರಿಹೋಗುತ್ತದೆ. ದೆಹಲಿಯ ಜನವರಿಯ ಚಳಿಯಲ್ಲಿ ಒಂದು ಚಾರ್ಜಿಗೆ ಸಾಗುವ ದೂರ ಕುಗ್ಗುವುದೂ ಸಹಜವೇ. ಬೇಸಿಗೆಗೆ ಅದು ಮರಳುತ್ತದೆ. ಆದರೆ ನೆರೆಯ ನೀರಿನ ವಿಷಯ ಬೇರೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದಿಂದ ಚೆನ್ನೈ ಜಲಾವೃತವಾದಾಗ ಅಸಂಖ್ಯ ವಾಹನಗಳು ನೀರಲ್ಲಿ ನಿಂತವು. ಮುಳುಗಿದ ಬ್ಯಾಟರಿ ಹೊರಗಿನಿಂದ ಒಣಗಿ ಹೊಳೆಯುತ್ತಿದ್ದರೂ ಅದನ್ನು ಚಾರ್ಜಿಗೆ ಹಾಕತಕ್ಕದ್ದಲ್ಲ. ಒಳಗೆ ಉಳಿದ ತೇವವು ದಿನಗಳು ಕಳೆದ ಮೇಲೂ ಬೆಂಕಿಗೆ ಕಾರಣವಾಗಬಲ್ಲದು.

ಪೂರ್ತಿ ಚಾರ್ಜ್ ಆದರೂ ಹೆಚ್ಚು ದೂರ ಸಾಗದೆಂಬ ದೂರಿಗೆ ಮೊದಲು ಟಯರಿನ ಗಾಳಿಯನ್ನೂ ಬ್ರೇಕು ಚಕ್ರಕ್ಕೆ ಉಜ್ಜುತ್ತಿದೆಯೇ ಎಂಬುದನ್ನೂ ನೋಡಬೇಕು. ಇವೆರಡೂ ಸರಿಯಿದ್ದು, ಸಮತಟ್ಟಿನಲ್ಲಿ ಓಡುವ ಸೈಕಲ್ಲು ಏರಿನಲ್ಲಿ ಥಟ್ಟನೆ ಆರಿಹೋಗುತ್ತಿದ್ದರೆ ಯಾವುದೋ ಕೋಶಗಳ ಸಾಲು ದುರ್ಬಲವಾಗಿದೆ. ಸೀಸ–ಆಮ್ಲದ ಹಳೆಯ ಬಗೆಯ ಬ್ಯಾಟರಿಗಳುಳ್ಳ ಸ್ಕೂಟರುಗಳಲ್ಲಿ ಇದನ್ನು ಗುರುತಿಸುವುದು ಸುಲಭ. ಅಲ್ಲಿ 12 ವೋಲ್ಟಿನ ನಾಲ್ಕೈದು ಡಬ್ಬಿಗಳು ಬೇರೆಬೇರೆಯಾಗಿರುತ್ತವೆ. ಓಡಿಸಿ ತಂದ ಮೇಲೆ ಒಂದೊಂದನ್ನೂ ಅಳೆದಾಗ ಎಲ್ಲವೂ 12ರ ಮೇಲಿದ್ದು ಒಂದು ಮಾತ್ರ 10ಕ್ಕೆ ಇಳಿದಿದ್ದರೆ ರೋಗಿ ಅದೇ. ಲಿಥಿಯಂ ಬ್ಯಾಟರಿಯಲ್ಲಿ ಈ ಪರೀಕ್ಷೆಗೆ ಪೆಟ್ಟಿಗೆಯನ್ನು ತೆರೆಯಬೇಕಾಗುತ್ತದೆ. ಆದಕಾರಣ ಅದು ಮನೆಯ ಕೆಲಸವಲ್ಲ.

ಈ ನಿಷೇಧವನ್ನು ಇಷ್ಟು ಸಲ ಹೇಳಲು ಕಾರಣವಿದೆ. 2022ರ ಸೆಪ್ಟೆಂಬರಿನಲ್ಲಿ ಮುಂಬೈ ಸಮೀಪದ ವಸಯಿಯಲ್ಲಿ, ರಾತ್ರಿ ಮನೆಯೊಳಗೆ ಚಾರ್ಜಿಗೆ ಇಟ್ಟಿದ್ದ ಸ್ಕೂಟರಿನ ಬ್ಯಾಟರಿ ಸಿಡಿದು 7 ವರ್ಷದ ಬಾಲಕನು ಸುಟ್ಟ ಗಾಯಗಳಿಂದ ಮೃತಪಟ್ಟನು. ಅದೇ ತಿಂಗಳ 12ರಂದು ಸಿಕಂದರಾಬಾದಿನಲ್ಲಿ ವಿದ್ಯುತ್ ಸ್ಕೂಟರ್ ಮಳಿಗೆಯಿದ್ದ ಕಟ್ಟಡದ ಕೆಳ ಅಂತಸ್ತಿನ ಬೆಂಕಿಯಿಂದ ಹೊಗೆಯು ಮೇಲಿನ ವಸತಿಗೃಹಕ್ಕೆ ವ್ಯಾಪಿಸಿ 8 ಮಂದಿ ಅಸುನೀಗಿದರು. ಆ ವರ್ಷದ ಬೆಂಕಿ ಪ್ರಕರಣಗಳ ತರುವಾಯ ವಿದ್ಯುತ್ ದ್ವಿಚಕ್ರ ಮೋಟಾರು ವಾಹನಗಳ ಬ್ಯಾಟರಿಗೆ ಸಂಬಂಧಿಸಿದ ಎ.ಐ.ಎಸ್. 156 ಎಂಬ ಮಾನಕವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚಿನಲ್ಲಿ ಎರಡು ಹಂತಗಳಾಗಿ ಜಾರಿಗೆ ತರಲಾಯಿತು. ಮಾನಕವು ಕಾರ್ಖಾನೆಯ ಬ್ಯಾಟರಿಯನ್ನು ಕಾಯುತ್ತದೆ. ಸಂದಿಯ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕಟ್ಟಿಕೊಟ್ಟ, ಹೆಸರು ವಿಳಾಸವಿಲ್ಲದ ಬ್ಯಾಟರಿಯನ್ನು ಅದು ಕಾಯಲಾರದು.

ಚಾರ್ಜ್ ಮಾಡುವ ಜಾಗವು ಮನೆಯ ಬಾಗಿಲಿನಿಂದಲೂ ಮೆಟ್ಟಿಲಿನಿಂದಲೂ ದೂರವಿರಬೇಕು. ಬೆಂಕಿ ಹೊತ್ತಿದರೆ ಹೊರಬೀಳಲು ಇರುವುದು ಅದೇ ದಾರಿ. ಹಾಸಿಗೆ, ಪರದೆ, ಗ್ಯಾಸ್ ಸಿಲಿಂಡರುಗಳ ಬಳಿ ಸಲ್ಲದು. ಎಚ್ಚರವಿರುವ ಹೊತ್ತಿನಲ್ಲಿಯೇ ಚಾರ್ಜ್ ಮುಗಿಸುವುದು ಉತ್ತಮ. ಬ್ಯಾಟರಿ ಉಬ್ಬಿದರೆ, ಬುಸುಗುಟ್ಟುವ ಸದ್ದು ಬಂದರೆ, ವಿಚಿತ್ರವಾದ ಸಿಹಿವಾಸನೆ ಅಥವಾ ಹೊಗೆ ಕಂಡರೆ ಕ್ಷಣವೂ ತಡೆಯದೆ ಮನೆಯವರನ್ನು ಹೊರಗೆ ಕಳುಹಿಸಬೇಕು. ಮೇನ್ ಸ್ವಿಚ್ಚು ದಾರಿಯಲ್ಲಿದ್ದರೆ ಆರಿಸಿ, ಬಾಗಿಲೆಳೆದುಕೊಂಡು ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಬೇಕು. ಆ ಹೊಗೆ ವಿಷಪೂರಿತವಾದುದು. ಆರಿತೆಂದು ಕಂಡ ಬ್ಯಾಟರಿ ತಾಸುಗಳ ಬಳಿಕ ಮತ್ತೆ ಹೊತ್ತಿಕೊಳ್ಳುವುದುಂಟು. ಅಗ್ನಿಶಾಮಕ ದಳದವರು ಹೇಳುವವರೆಗೆ ಅದನ್ನು ಒಳಗೆ ತರಬಾರದು.

ಉಪಯೋಗ ತೀರಿದ ಬ್ಯಾಟರಿಯನ್ನು ಕಸದ ಡಬ್ಬಿಗೆ ಹಾಕುವುದೂ ರದ್ದಿಯವನಿಗೆ ತೂಕಕ್ಕೆ ಕೊಡುವುದೂ ಸರಿಯಲ್ಲ. 2022ರ ಆಗಸ್ಟಿನಲ್ಲಿ ಪ್ರಕಟವಾದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮನೆಯ ಇತರ ಕಸದಿಂದ ಬೇರ್ಪಡಿಸಿ ಸಂಗ್ರಹಣೆಗೆ ಒಪ್ಪಿಸುವುದು ಬಳಕೆದಾರನ ಕರ್ತವ್ಯ. ಹಿಂದಕ್ಕೆ ಪಡೆದು ಮರುಬಳಕೆಗೆ ಸಾಗಿಸುವ ಹೊಣೆ ತಯಾರಕರದು. ಕೊಂಡ ಅಂಗಡಿಯಲ್ಲಿ ಅಥವಾ ತಯಾರಕರ ಸೇವಾಕೇಂದ್ರದಲ್ಲಿ ವಿಚಾರಿಸಿದರೆ ಸಂಗ್ರಹಣೆಯ ಸ್ಥಳ ತಿಳಿಯುತ್ತದೆ. ಒಯ್ಯುವ ಮುನ್ನ ಅದರ ಬಾಯಿಗೆ ಇನ್ಸುಲೇಷನ್ ಟೇಪನ್ನು ಸುತ್ತಿರಬೇಕು.