ಮಿಲೋಷ್‌ನ ಟೋಪಿ

ಯುದ್ಧಕಾಲದ ಚಿತ್ರಗಳಲ್ಲಿ ಸಾಮಾನ್ಯವಾಗಿ ರಣರಂಗವೇ ಮುಂದೆ ನಿಲ್ಲುತ್ತದೆ; ಆದರೆ ಬೊಹುಮಿಲ್ ಹ್ರಬಾಲ್ ಅವರ ಕಿರುಕಾದಂಬರಿಯನ್ನು ಆಧರಿಸಿ ಯಿರ್ಝಿ ಮೆಂಜೆಲ್ 1966ರಲ್ಲಿ ನಿರ್ದೇಶಿಸಿದ, 1968ರಲ್ಲಿ ಆಸ್ಕರ್ ಪಡೆದ ಜೆಕ್ ಚಿತ್ರ ‘ಕ್ಲೋಸ್ಲಿ ವಾಚ್ಡ್ ಟ್ರೇನ್ಸ್’ ಜರ್ಮನ್ನರ ವಶದಲ್ಲಿದ್ದ ನಾಡಿನ ಒಂದು ಸಣ್ಣ ರೈಲು ನಿಲ್ದಾಣದ ಸುತ್ತಲೇ ಸುಳಿಯುತ್ತದೆ. ವಿಶೇಷ ನಿಗಾದಲ್ಲಿ, ತಡೆಯಿಲ್ಲದೆ ಸಾಗಬೇಕಾದ ಸೇನಾ ರೈಲುಗಳನ್ನೇ ಈ ಹೆಸರು ಸೂಚಿಸುತ್ತದೆ.

ಆರಂಭದಲ್ಲಿ ತಾಯಿಯು, ರೈಲ್ವೆ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಮಗ ಮಿಲೋಷ್‌ನ ತಲೆಗೆ ಸಮವಸ್ತ್ರದ ಟೋಪಿಯನ್ನು ಪಟ್ಟಾಭಿಷೇಕದ ಕಿರೀಟವೆಂಬಂತೆ ಮೆಲ್ಲನೆ ಇಡುತ್ತಾಳೆ. ಟೋಪಿಯೇನೋ ದೊಡ್ಡವರದು, ಅದರ ಕೆಳಗಿನ ಮುಖ ಮಾತ್ರ ಇನ್ನೂ ಹುಡುಗನದು. ಸ್ಟೇಷನ್ ಮಾಸ್ತರರು ಪಾರಿವಾಳ ಸಾಕುವುದರಲ್ಲಿ ಮಗ್ನರು. ಮಿಲೋಷ್‌ನಿಗೋ ತಾನು ಗಂಡಸಾಗಿದ್ದೇನೆಯೇ ಎಂಬ ಶಂಕೆಯೇ ಯುದ್ಧಕ್ಕಿಂತ ದೊಡ್ಡದು. ಈ ಸಣ್ಣತನಗಳನ್ನು ಮೆಂಜೆಲ್ ಗೇಲಿ ಮಾಡುತ್ತಾರೆ, ಆದರೆ ಹೀಗಳೆಯುವುದಿಲ್ಲ. ಚಿತ್ರದ ಹೆಚ್ಚುಗಾರಿಕೆ ಇರುವುದು ಬಹುಶಃ ಅಲ್ಲಿಯೇ.

ಆ ಶಂಕೆ ಕಳೆದ ಮರುದಿನವೇ ಮಿಲೋಷ್ ಸಿಗ್ನಲ್ ಕಂಬವೇರಿ, ಕೆಳಗೆ ಹಾಯುವ ಮದ್ದುಗುಂಡಿನ ರೈಲಿಗೆ ಬಾಂಬು ಹಾಕುತ್ತಾನೆ, ಕಾವಲುಗಾರನ ಗುಂಡಿಗೆ ಸಿಕ್ಕಿ ಅದೇ ರೈಲಿನ ಮೇಲೆ ಬೀಳುತ್ತಾನೆ. ಸ್ಫೋಟದ ಗಾಳಿಗೆ ಹಾರಿಬಂದ ಆ ಟೋಪಿಯನ್ನು ಅವನಿಗಾಗಿ ಕಾದಿದ್ದ ಪ್ರೇಯಸಿ ಮಾಷಾ ಎತ್ತಿಕೊಳ್ಳುತ್ತಾಳೆ.