ಬಲದಿಂದ ಎಡಕ್ಕೆ

ಬೀದರಿನಿಂದ ಬಂದ ಹೊಸ ಜೋಡಿಯೊಂದು ನಮ್ಮ ಪಕ್ಕದ ಮನೆಯಲ್ಲಿದೆ. ಅವನು 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದೇವಶಾಸ್ತ್ರ ಓದುತ್ತಾನೆ; ಅವಳು ಒಂದನೇ ತರಗತಿಯ ಟೀಚರ್. ಸಂಬಳದ ಬಹುಪಾಲು ಬಾಡಿಗೆಗೇ ಸರಿ.

ಅವನು ಕಲಿಯಬೇಕಾದ ಹೀಬ್ರೂ ಬಲದಿಂದ ಎಡಕ್ಕೆ ಓದುವ ಭಾಷೆ. ಅವಳು ಶಾಲೆಯಲ್ಲಿ ಮಿಕ್ಕ ಚಾರ್ಟ್ ಹಾಳೆ ಕತ್ತರಿಸಿ, 22 ಅಕ್ಷರಗಳನ್ನೂ ಬರೆದು ಅಡುಗೆಮನೆ ಡಬ್ಬಿಗಳಿಗೆ ಅಂಟಿಸಿದ್ದಾಳೆ. ಜೋಳದ ಹಿಟ್ಟಿಗೆ ಆಲೆಫ್, ಉಪ್ಪಿಗೆ ಬೇತ್. ರೊಟ್ಟಿ ಬಡಿಯುತ್ತಲೇ, “ಹೇಳ್ರಿ, ಇದ್ಯಾವ್ದದ?” ಅಂತಾಳೆ. ತಪ್ಪಿದರೆ ಪಾತ್ರೆ ತೊಳೆಯುವ ಪಾಳಿ ಅವನದು. (ದಿನಾ ಅವನೇ ತೊಳೆಯುತ್ತಾನೆ ಬಿಡಿ.) ಹನಿಮೂನಿಗಿಂತ ಇದೇ ವಾಸಿ ಅನ್ನಿಸುತ್ತೆ ನನಗೆ.

ನಿಮ್ಮ ಪಕ್ಕದಲ್ಲೂ ಇಂಥವರು ಬಂದಿದ್ದರೆ, ಇವತ್ತೇ ಒಂದು ಲೋಟ ಕಾಫಿಗೆ ಕರೆಯಿರಿ.