ದೋಷ ಮರೆಮಾಚುವುದೂ ವಂಚನೆಯೇ



ಒಮ್ಮೆ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಬೆರಳುಗಳಿಗೆ ತೇವ ತಾಗಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಕೇಳಿದ ಅವರು, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು (ಮುಸ್ಲಿಮ್).

ಒದ್ದೆ ಧಾನ್ಯದಿಂದ ಹಣ ನಷ್ಟವಾಗುತ್ತದೆ. ಶಾಕ್ ಹೊಡೆಯುವ ಗ್ರೈಂಡರ್‌ನಿಂದ, ಗೀಸರ್‌ನಿಂದ ಜೀವವೇ ಹೋಗಬಹುದು. ತಿಳಿದೂ ಅದನ್ನು ಮಾರುವವನು ನಾಳೆ ಅಲ್ಲಾಹನ ಮುಂದೆ ಏನು ಉತ್ತರ ಕೊಡುವನು?

ದೋಷವಿರುವ ಸರಕನ್ನು ಹಿಂದಿರುಗಿಸುವ ಹಕ್ಕನ್ನು ಶರೀಅತ್ ಕೊಂಡವನಿಗೆ ನೀಡಿದೆ. ಕರ್ಮಶಾಸ್ತ್ರದಲ್ಲಿ ಇದಕ್ಕೆ ‘ಖಿಯಾರುಲ್ ಐಬ್’ ಎನ್ನುತ್ತಾರೆ. ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ಪರಿಹಾರ ಕೇಳುವ ಹಕ್ಕು ಕೊಟ್ಟಿದೆ. ಆದರೆ ನಾವು ‘ನಸೀಬು’ ಎಂದು ಸುಮ್ಮನಾಗುತ್ತೇವೆ. ಸಬ್ರ್ ಎಂದರೆ ಅದಲ್ಲ. ನಾವು ಸುಮ್ಮನಿದ್ದರೆ ಅದೇ ಯಂತ್ರ ಇನ್ನೊಂದು ಮನೆಗೆ ಹೋಗುತ್ತದೆ.

ಮೊದಲು ಅದನ್ನು ಬಳಸುವುದನ್ನು ನಿಲ್ಲಿಸೋಣ. ಬಿಲ್ಲು, ವಾರಂಟಿ ಕಾರ್ಡು ಜೋಪಾನ ಮಾಡಿ, ಅಂಗಡಿಗೂ ಕಂಪೆನಿಗೂ ಲಿಖಿತ ದೂರು ಕೊಡೋಣ. ಸಹಾಯವಾಣಿ 1915 ಇದೆ. ಅಲ್ಲೂ ಬಗೆಹರಿಯದಿದ್ದರೆ 2 ವರ್ಷಗಳೊಳಗೆ ನಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಬಹುದು. ವಕೀಲರು ಕಡ್ಡಾಯವಲ್ಲ, 5 ಲಕ್ಷ ರೂ.ವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ದೂರಿನಲ್ಲಿ ಸುಳ್ಳು ಬೆರೆಸದಿರೋಣ. ನಾವೇ ಬೀಳಿಸಿ ಕೆಡಿಸಿದ್ದನ್ನು ಕಂಪೆನಿಯ ತಲೆಗೆ ಕಟ್ಟುವುದೂ ವಂಚನೆಯೇ. ಅಪಾಯಕಾರಿ ಯಂತ್ರವನ್ನು ವಿಷಯ ತಿಳಿಸದೆ ಬಡವರಿಗೆ ಕೊಟ್ಟರೆ ಅದು ಸದಕವಾಗದು.

ಅಲ್ಲಾಹನು ನಮ್ಮ ವ್ಯವಹಾರಗಳನ್ನು ಶುದ್ಧಗೊಳಿಸಲಿ. ಆಮೀನ್.